ಪೋಷಕತ್ವದಲ್ಲಿರುವ ಮಗುವನ್ನು ದತ್ತು ಪಡೆಯುವುದು ಹೇಗೆ?

ಮಗು ವರ್ಷಗಳಿಂದ ತಮ್ಮ ಮನೆಯಲ್ಲೇ ಬೆಳೆದಿದೆ, ತಮ್ಮನ್ನೇ ಅಪ್ಪ, ಅಮ್ಮ ಎಂದು ಕರೆಯುತ್ತಿದೆ, ಇನ್ನು ದತ್ತು ಒಂದು ಸಹಿಯ ಕೆಲಸ ಎಂದು ನಂಬಿ ಬರುವ ದಂಪತಿಗಳನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಎಷ್ಟೇ ವರ್ಷ ಸಾಕಿದ್ದರೂ ಪೋಷಕತ್ವ, ಅಂದರೆ ಫಾಸ್ಟರ್ ಕೇರ್, ತಾನಾಗಿಯೇ ದತ್ತು ಆಗುವುದಿಲ್ಲ.

ಮೊದಲು, ಮಗುವನ್ನು ನಿಮಗೆ ಒಪ್ಪಿಸಿದ ಆದೇಶವನ್ನು ತೆಗೆದು ಓದಿ. ದತ್ತು ಪ್ರಕ್ರಿಯೆಯ ನಡುವೆ, ಅಂತಿಮ ಆದೇಶ ಬರುವವರೆಗೆ ಮಗುವನ್ನು ಮನೆಗೆ ಕಳುಹಿಸುವುದು ದತ್ತುಪೂರ್ವ ಪೋಷಕತ್ವ. ಮಕ್ಕಳ ಆರೈಕೆ, ರಕ್ಷಣೆಯ ಬಗ್ಗೆ ತೀರ್ಮಾನಿಸುವ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯು ಆರೈಕೆಗಾಗಿ ಮಾತ್ರ ಒಪ್ಪಿಸುವುದು ಬೇರೆಯೇ ವ್ಯವಸ್ಥೆ. ಎರಡನೆಯದಾಗಿದ್ದರೆ, 2024ರ ಮಾದರಿ ಪೋಷಕತ್ವ ಮಾರ್ಗಸೂಚಿಯಂತೆ ಎರಡು ವರ್ಷ ಪೂರೈಸಿದ ಮೇಲೆ ದತ್ತು ಕೋರಬಹುದು. ಹಿಂದೆ ಈ ಅವಧಿ ಐದು ವರ್ಷವಿತ್ತು. ಒಂಟಿ ಪುರುಷರು ಹೆಣ್ಣುಮಗುವನ್ನು ದತ್ತು ಪಡೆಯುವಂತಿಲ್ಲ.

ಬಹುತೇಕರು ಎಡವುವುದು ಮುಂದಿನ ಹಂತದಲ್ಲಿ. ಮಗು ದತ್ತಿಗೆ ಕಾನೂನುಬದ್ಧವಾಗಿ ಮುಕ್ತ ಎಂದು ಮಕ್ಕಳ ಕಲ್ಯಾಣ ಸಮಿತಿ ಘೋಷಿಸದೆ ಯಾವ ಅರ್ಜಿಯೂ ಮುಂದೆ ಸಾಗದು. ಬಾಲನ್ಯಾಯ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ, ಅನಾಥ ಅಥವಾ ಪರಿತ್ಯಕ್ತ ಮಗುವಿನ ಹೆತ್ತವರಿಗಾಗಿ ಹುಡುಕಾಟ ಮತ್ತು ವಿಚಾರಣೆ ಮುಗಿದ ಬಳಿಕ ಸಮಿತಿಯ ಕನಿಷ್ಠ ಮೂವರು ಸದಸ್ಯರು ಈ ತೀರ್ಮಾನ ಮಾಡಬೇಕು. ಎರಡು ವರ್ಷ ಮೀರಿದ ಮಗುವಿನ ವಿಷಯದಲ್ಲಿ, ಮಗುವನ್ನು ಸಮಿತಿಯ ಮುಂದೆ ಹಾಜರುಪಡಿಸಿದ ದಿನದಿಂದ ನಾಲ್ಕು ತಿಂಗಳ ಕಾಲಮಿತಿಯಿದೆ. ಹೆತ್ತವರು ಬದುಕಿದ್ದು ಮಗುವನ್ನು ಬಿಟ್ಟುಕೊಡಲು ಸಿದ್ಧರಿದ್ದರೆ, ಅವರು ಸಮಿತಿಯ ಮುಂದೆಯೇ ಒಪ್ಪಿಸುವ ಪತ್ರಕ್ಕೆ ಸಹಿ ಹಾಕಬೇಕು. ಆಮೇಲೆ ಮನಸ್ಸು ಬದಲಿಸಲು ಅವರಿಗೆ ಎರಡು ತಿಂಗಳ ಅವಕಾಶವಿರುತ್ತದೆ. ಹೆತ್ತ ತಾಯಿ ಬಿಳಿ ಹಾಳೆಯ ಮೇಲೆ ಬರೆದುಕೊಟ್ಟ ಒಪ್ಪಿಗೆಗೆ ಇಲ್ಲಿ ಬೆಲೆಯಿಲ್ಲ. ಘೋಷಣೆ ಆಗಿದೆಯೇ ಎಂದು ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಎರಡು ವರ್ಷ ತುಂಬುವವರೆಗೆ ಕಾಯದೆ ಘೋಷಣೆಯ ಬಗ್ಗೆ ಹೀಗೆ ಕೇಳುವುದನ್ನು ಮೊದಲೇ ಆರಂಭಿಸಿ ಎಂಬುದು ನನ್ನ ಖಚಿತ ಸಲಹೆ.

ಛಾಪಾ ಕಾಗದದ ಮೇಲೆ ಸಿದ್ಧ ದತ್ತಕ ಪತ್ರ ಬರೆಸಿ ನೋಟರಿ ಮಾಡಿಸಿಕೊಡುವವರ ಬಳಿ ಹೋಗಲೇಬೇಡಿ. 1956ರ ಹಿಂದೂ ದತ್ತಕ ಕಾಯ್ದೆಯಲ್ಲೂ ಮಗುವನ್ನು ಕೊಡುವ ಹಕ್ಕು ಹೆತ್ತವರಿಗೆ ಅಥವಾ ನ್ಯಾಯಾಲಯದ ಅನುಮತಿ ಪಡೆದ ಪಾಲಕರಿಗೆ ಮಾತ್ರ ಇದೆ. ಬಾಲನ್ಯಾಯ ಕಾಯ್ದೆಯ ಕ್ರಮವನ್ನು ಮೀರಿ ಮಗುವನ್ನು ದತ್ತಿಗಾಗಿ ಕೊಟ್ಟರೆ ಅಥವಾ ಪಡೆದರೆ 80ನೇ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಕೇಂದ್ರ ದತ್ತು ಪ್ರಾಧಿಕಾರವಾದ ಕಾರಾದ ಜಾಲತಾಣದಲ್ಲಿ ನೋಂದಣಿ, ದಾಖಲೆಗಳ ಸಲ್ಲಿಕೆ, ಗೃಹ ಅಧ್ಯಯನ (ಸಮಾಜ ಕಾರ್ಯಕರ್ತರು ಮನೆಗೆ ಬಂದು ಕುಟುಂಬದ ಸ್ಥಿತಿಗತಿ ನೋಡಿ ವರದಿ ಕೊಡುವುದು) ಇವು ಸುಲಭದ ಹಂತಗಳು.

ಕೊನೆಯ ಆದೇಶಕ್ಕೆ ಈಗ ನ್ಯಾಯಾಲಯಕ್ಕೆ ಹೋಗಬೇಕಿಲ್ಲ. 2022ರ ಸೆಪ್ಟೆಂಬರ್ 1ರಿಂದ ಅದು ಜಿಲ್ಲಾಧಿಕಾರಿಯವರ ಅಧಿಕಾರ. ಅರ್ಜಿ ಸಲ್ಲಿಕೆಯಾದ ಎರಡು ತಿಂಗಳೊಳಗೆ ಇತ್ಯರ್ಥವಾಗಬೇಕು. ಅವರು ಮಗುವಿನ ಇಚ್ಛೆಯನ್ನೂ ಪರಿಗಣಿಸುವುದರಿಂದ ಅದಕ್ಕೆ ವಿಷಯವನ್ನು ಮುಂಚಿತವಾಗಿ, ಸತ್ಯವಾಗಿ ತಿಳಿಸಿ. ಉತ್ತರವನ್ನು ಬಾಯಿಪಾಠ ಮಾಡಿಸಬೇಡಿ. ಆದೇಶದ ಪ್ರಮಾಣಿತ ಪ್ರತಿ ಕೈಸೇರಿದ ಕೂಡಲೇ ಹೊಸ ಜನನ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಆಮೇಲೆ ಎರಡು ವರ್ಷಗಳ ಕಾಲ, ಪ್ರತಿ ಆರು ತಿಂಗಳಿಗೊಮ್ಮೆ, ಮಗುವಿನ ಕ್ಷೇಮ ವಿಚಾರಿಸಲು ಸಮಾಜ ಕಾರ್ಯಕರ್ತರು ಮನೆಗೆ ಬರುತ್ತಾರೆ.