ಪಿಯುಸಿ ಓದುತ್ತಲೇ ಅಮೆರಿಕದ ಕಾಲೇಜಿಗೆ ಅರ್ಜಿ: ಯಾವುದಕ್ಕೆ ಒದ್ದಾಡಬೇಕು, ಯಾವುದಕ್ಕೆ ಬೇಡ

ಹಾರ್ವರ್ಡ್, ಎಂಐಟಿಯಂಥ ಕಡೆ ಅರ್ಜಿ ಹಾಕಿದ ನೂರು ಜನರಲ್ಲಿ ಐದು ಜನಕ್ಕೂ ಸೀಟು ಸಿಗುವುದಿಲ್ಲ. ಹೊರದೇಶದವರಿಗೆ ಇನ್ನೂ ಕಷ್ಟ. ಇದು ಗೊತ್ತಾದ ತಕ್ಷಣ ನಮ್ಮ ಹುಡುಗರು ಸರ್ಟಿಫಿಕೇಟ್ ಗುಡ್ಡೆ ಹಾಕಲು ಶುರು ಮಾಡುತ್ತಾರೆ. ಹತ್ತಾರು ಆನ್‌ಲೈನ್ ಕೋರ್ಸ್, ದುಡ್ಡು ಕೊಟ್ಟರೆ ಏನನ್ನಾದರೂ ಛಾಪಿಸುವ ಜರ್ನಲ್‌ನಲ್ಲಿ ಒಂದು ಪೇಪರ್, ಅರ್ಜಿ ಕಳಿಸಿದ ಮರುದಿನವೇ ಬಾಗಿಲು ಹಾಕುವ ಒಂದು ಎನ್‌ಜಿಒ. ಇದ್ಯಾವುದೂ ಬೇಡ. ಅಲ್ಲಿ ಅರ್ಜಿ ಓದುವವರಿಗೆ ನಿಮ್ಮ ಊರು ಗೊತ್ತಿಲ್ಲ, ನಿಮ್ಮ ಕಾಲೇಜು ಗೊತ್ತಿಲ್ಲ, ಒಂದು ಅರ್ಜಿಗೆ ಅವರ ಹತ್ತಿರ ಇರುವುದೂ ಕೆಲವೇ ನಿಮಿಷ. ನೀವು ನಿಜವಾಗಿ ಮಾಡುತ್ತಿರುವುದು ಅಷ್ಟರಲ್ಲಿ ಅವರಿಗೆ ಅರ್ಥವಾಗಬೇಕು.

ಮೊದಲು ಮಾರ್ಕ್ಸ್. ಅವರು ಕೇಳುವುದು ಒಂಬತ್ತನೇ ಕ್ಲಾಸಿನಿಂದ ಹನ್ನೆರಡರವರೆಗೆ. ಹೆಚ್ಚಿನ ಅರ್ಜಿಗಳ ಕೊನೇ ದಿನ ಜನವರಿ 1ರ ಆಸುಪಾಸು, ಉತ್ತರ ಬರುವುದು ಮಾರ್ಚ್ ಕೊನೆಗೆ. ನಮ್ಮ ಸೆಕೆಂಡ್ ಪಿಯು ರಿಸಲ್ಟ್ ಬರುವಷ್ಟರಲ್ಲಿ ಅಲ್ಲಿ ತೀರ್ಮಾನ ಆಗಿಹೋಗಿರುತ್ತದೆ. ಅಂದರೆ ಅವರ ಕಣ್ಣಿಗೆ ಬೀಳುವುದು ಒಂಬತ್ತನೇ ಕ್ಲಾಸು, ಎಸ್ಸೆಸ್ಸೆಲ್ಸಿ, ಫಸ್ಟ್ ಪಿಯು, ಆಮೇಲೆ ಸೆಕೆಂಡ್ ಪಿಯುವಿನ ಮಿಡ್‌ಟರ್ಮ್. ಫಸ್ಟ್ ಪಿಯು ಆರಾಮಾಗಿ ಕಳೆಯಬಹುದು ಅಂತ ಸೀನಿಯರ್‌ಗಳು ಹೇಳುತ್ತಾರಲ್ಲ, ಈ ದಾರಿಯಲ್ಲಿ ಹೋಗುವವರಿಗೆ ಆ ಮಾತು ಸುಳ್ಳು. ಇಲ್ಲಿ ಜಾಸ್ತಿ ತೂಕ ಇರುವ ವರ್ಷವೇ ಅದು.

ಕನ್ನಡ ಮೀಡಿಯಂನಲ್ಲಿ ಹತ್ತರವರೆಗೆ ಓದಿ, ಸೈನ್ಸ್ ತಗೊಂಡು, ಇಂಗ್ಲಿಷ್ ಪಾಠಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಫಸ್ಟ್ ಪಿಯು ಮಾರ್ಕ್ಸ್ ಬಿದ್ದಿದ್ದರೆ ಅದನ್ನು ಮುಚ್ಚಿಡಬೇಡಿ. ಅರ್ಜಿಯಲ್ಲಿ ಹೆಚ್ಚುವರಿ ಮಾಹಿತಿ ಬರೆಯಲು ಒಂದು ಜಾಗ ಇದೆ. ಅಳುಮುಂಜಿ ಕಥೆ ಬೇಡ, ನಾಲ್ಕು ಸಾಲಲ್ಲಿ ವಿಷಯ ಹೇಳಿ, ಆಮೇಲೆ ಮಾರ್ಕ್ಸ್ ಹೇಗೆ ಏರಿತು ಅನ್ನುವುದನ್ನೂ ತೋರಿಸಿ. ಒಂಬತ್ತನೇ ಕ್ಲಾಸಿನ ಅಂಕಪಟ್ಟಿಯನ್ನು ನಮ್ಮಲ್ಲಿ ಯಾರೂ ಜೋಪಾನ ಮಾಡಿರುವುದಿಲ್ಲ. ಹಳೇ ಹೈಸ್ಕೂಲಿಗೆ ಬೇಸಿಗೆಯಲ್ಲೇ ಹೋಗಿ ಸೀಲು ಹಾಕಿಸಿಕೊಂಡು ಬನ್ನಿ.

ಅಮೆರಿಕದ ಕಾಲೇಜು ಸೇರಲು ಬರೆಯುವ ಎಸ್‌ಎಟಿ ಪರೀಕ್ಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಾರ್ವರ್ಡ್, ಎಂಐಟಿಗೆ ಅದು ಅಥವಾ ಅದರಂಥದ್ದೇ ಎಸಿಟಿ ಪರೀಕ್ಷೆ ಬೇಕೇ ಬೇಕು, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದವರು ನೋಡುವುದೇ ಇಲ್ಲ. ಎಸ್‌ಎಟಿಯ 1600 ಅಂಕದಲ್ಲಿ ಅರ್ಧ ಗಣಿತ, ಅರ್ಧ ಇಂಗ್ಲಿಷ್ ಓದು ಬರಹ. ಪಿಸಿಎಂಬಿ ಹುಡುಗರಿಗೆ ಗಣಿತ ಅಷ್ಟೇನೂ ಕಷ್ಟ ಆಗುವುದಿಲ್ಲ, ಮಾರ್ಕ್ಸ್ ಸೋರುವುದು ಇನ್ನೊಂದು ಅರ್ಧದಲ್ಲಿ. ಎಸ್‌ಎಟಿ ನಡೆಸುವವರದ್ದೇ ಬ್ಲೂಬುಕ್ ಆ್ಯಪ್, ಖಾನ್ ಅಕಾಡೆಮಿ ವೆಬ್‌ಸೈಟ್ ಎರಡರಲ್ಲೂ ಪ್ರಾಕ್ಟೀಸ್ ಪುಕ್ಕಟೆ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಹಲವು ಕಾಲೇಜಿಗೆ ಒಂದೇ ಆನ್‌ಲೈನ್ ಅರ್ಜಿ ಕಳಿಸುವ ಕಾಮನ್ ಆ್ಯಪ್‌ನಲ್ಲಿ ಹತ್ತು ಚಟುವಟಿಕೆ ಬರೆಯಬಹುದು, ಒಂದೊಂದರ ವಿವರಣೆಗೆ ಸಿಗುವುದು 150 ಅಕ್ಷರ, ಖಾಲಿ ಜಾಗವೂ ಸೇರಿ. ಎಂಐಟಿಗೆ ಬೇರೆಯದೇ ಅರ್ಜಿ, ಅಲ್ಲಿ ಇನ್ನೂ ಕಡಿಮೆ ಚಟುವಟಿಕೆ ಕೇಳುತ್ತಾರೆ. ಹತ್ತನ್ನೂ ತುಂಬಿಸಲೇಬೇಕು ಅಂತೇನೂ ಇಲ್ಲ. ಕ್ಲಬ್ಬು, ಡಿಬೇಟು ಇಲ್ಲದ ಕಾಲೇಜಿನಲ್ಲಿ ಓದುವವರು "ನನ್ನ ಹತ್ರ ಬರೆಯೋಕೆ ಏನೂ ಇಲ್ಲ" ಅನ್ನುತ್ತಾರೆ. ಇರುತ್ತದೆ. ಮನೆ ಜವಾಬ್ದಾರಿ, ಸಂಬಳದ ಕೆಲಸ, ಎರಡಕ್ಕೂ ಆ ಪಟ್ಟಿಯಲ್ಲೇ ಬೇರೆ ಬೇರೆ ವರ್ಗ ಇದೆ. ಬೆಳಗ್ಗೆ ಎದ್ದು ಡೈರಿಗೆ ಹಾಲು ಹಾಕಿ ಬರುವುದು, ತಂಗಿಗೆ ಪಾಠ ಹೇಳಿಕೊಡುವುದು, ಯಕ್ಷಗಾನದ ಮೇಳದಲ್ಲಿ ಚೆಂಡೆ ಬಾರಿಸುವುದು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಬರೆಯುವ ರೀತಿ ಮಾತ್ರ ಗಟ್ಟಿ ಇರಬೇಕು. "ಅಪ್ಪನ ಕಿರಾಣಿ ಅಂಗಡಿಯಲ್ಲಿ ಸಹಾಯ" ಅಂದರೆ ಏನೂ ಗೊತ್ತಾಗುವುದಿಲ್ಲ. "ದಿನಾ ಸಂಜೆ ಅಂಗಡಿ ನೋಡಿಕೊಳ್ಳುತ್ತೇನೆ, 60 ಮನೆಗಳ ಉದ್ರಿ ಪುಸ್ತಕವನ್ನು ಸ್ಪ್ರೆಡ್‌ಶೀಟಿಗೆ ಹಾಕಿದೆ, ಬಾಕಿ ವಸೂಲಿ ಬೇಗ ಆಯಿತು" ಅಂದರೆ ಒಬ್ಬ ಮನುಷ್ಯ ಕಾಣುತ್ತಾನೆ. ಸಂಖ್ಯೆ ನಿಜವಾಗಿರಲಿ, ಉಬ್ಬಿಸಬೇಡಿ. ನೀವು ನೂರು ಗಂಟೆ ಸೇವೆ ಅಂತ ಬರೆದು ನಿಮ್ಮ ಮೇಡಂ ಬರೆಯುವ ಶಿಫಾರಸು ಪತ್ರದಲ್ಲಿ ಅದರ ಸುಳಿವೇ ಇಲ್ಲದಿದ್ದರೆ ಓದುವವರಿಗೆ ಅನುಮಾನ ಬಂದೇ ಬರುತ್ತದೆ.

ಈಗ ಆ ಶಿಫಾರಸು ಪತ್ರಗಳ ವಿಷಯ. ಎಂಐಟಿಗೆ ಗಣಿತ ಅಥವಾ ವಿಜ್ಞಾನದ ಮೇಷ್ಟ್ರು ಒಬ್ಬರು, ಭಾಷೆ ಅಥವಾ ಸಮಾಜ ವಿಜ್ಞಾನದವರು ಒಬ್ಬರು ಬರೆಯಬೇಕು. ಸೈನ್ಸ್ ಹುಡುಗರಿಗೆ ಎರಡನೆಯವರು ಅಂದರೆ ಕನ್ನಡ ಅಥವಾ ಇಂಗ್ಲಿಷ್ ಲೆಕ್ಚರರ್. ಹಾಗಾಗಿ ಭಾಷಾ ಕ್ಲಾಸಿಗೆ ಚಕ್ಕರ್ ಹೊಡೆಯಬೇಡಿ. ನಮ್ಮಲ್ಲಿ ಬಹಳ ಸಲ "ನೀನೇ ಬರೆದು ತಾ, ಸೈನ್ ಹಾಕ್ತೀನಿ" ಅನ್ನುತ್ತಾರೆ. ನಯವಾಗಿ ತಪ್ಪಿಸಿಕೊಳ್ಳಿ. ನೀವು ಬರೆದರೆ ಅದು ಮೋಸ, ಜೊತೆಗೆ ಪತ್ರವೂ ಪ್ರಬಂಧವೂ ಒಂದೇ ಕೈಬರಹದ ಹಾಗೆ ಕಾಣುತ್ತದೆ. ಅದರ ಬದಲು ಒಂದು ಹಾಳೆ ಕೊಡಿ: "ಸರ್, ಆವತ್ತು ಆಪ್ಟಿಕ್ಸ್ ಲೆಕ್ಕಕ್ಕೆ ನಾನು ಬೇರೆ ದಾರಿ ಹಿಡಿದಿದ್ದೆ, ಲ್ಯಾಬಿನಲ್ಲಿ ಹೀಗಾಗಿತ್ತು" ಅಂತ ಅವರಿಗೆ ನೆನಪಾಗುವಂಥ ಮೂರ್ನಾಲ್ಕು ಘಟನೆ. "ಸಿನ್ಸಿಯರ್ ಆ್ಯಂಡ್ ಒಬೀಡಿಯಂಟ್" ಅನ್ನುವ ಪತ್ರಕ್ಕಿಂತ ಅಂಥ ಒಂದು ಘಟನೆ ಇರುವ ಪತ್ರ ಎಷ್ಟೋ ಮೇಲು. ಪತ್ರ ಕಳಿಸುವ ಲಿಂಕ್ ಅವರ ಇಮೇಲಿಗೆ ಹೋಗುತ್ತದೆ, ಎಷ್ಟೋ ಜನ ಇಮೇಲ್ ತೆಗೆದೇ ನೋಡಿರುವುದಿಲ್ಲ, ಹೋಗಿ ಜ್ಞಾಪಿಸಬೇಕು.

ಕಾಲೇಜಿನ ಪರವಾಗಿ ನಿಮ್ಮ ಮಾಹಿತಿ ಕಳಿಸುವ ಕೌನ್ಸೆಲರ್ ಅಂತ ನಮ್ಮ ಪಿಯು ಕಾಲೇಜುಗಳಲ್ಲಿ ಸಾಮಾನ್ಯವಾಗಿ ಯಾರೂ ಇರುವುದಿಲ್ಲ, ಆ ಕೆಲಸ ಪ್ರಿನ್ಸಿಪಾಲರಿಗೆ ಬರುತ್ತದೆ. ಅವರಿಂದ ಕಾಲೇಜಿನ ಬಗ್ಗೆ ಒಂದು ಪುಟದ ಪರಿಚಯ ಹಾಕಿಸಿ: ಎಷ್ಟು ವಿದ್ಯಾರ್ಥಿಗಳು, ಯಾವ ಬೋರ್ಡು, ಕಳೆದ ವರ್ಷ ಎಷ್ಟು ಜನಕ್ಕೆ ಡಿಸ್ಟಿಂಕ್ಷನ್ ಬಂತು. ನಿಮ್ಮ 92 ಪರ್ಸೆಂಟು ದೊಡ್ಡದೋ ಚಿಕ್ಕದೋ ಅಂತ ಅರ್ಜಿ ಓದುವವರಿಗೆ ಗೊತ್ತಾಗುವುದು ಇದರಿಂದಲೇ.

ಕಾಮನ್ ಆ್ಯಪ್‌ನ ಮುಖ್ಯ ಪ್ರಬಂಧ 650 ಪದದೊಳಗೆ. "ಚಿಕ್ಕಂದಿನಿಂದಲೂ ವಿಜ್ಞಾನಿಯಾಗುವ ಕನಸು" ಅಂತ ಶುರು ಮಾಡಬೇಡಿ, ಬಡತನವನ್ನು ಮಾರಾಟಕ್ಕೂ ಇಡಬೇಡಿ. ಒಂದು ಸಣ್ಣ ವಿಷಯ ಹಿಡಿದು ಅದರ ಬಗ್ಗೆ ನಿಮ್ಮ ತಲೆ ಹೇಗೆ ಓಡಿತು ಅನ್ನುವುದನ್ನು ಹೇಳಿ. ಯೋಚನೆ ಕನ್ನಡದಲ್ಲೇ ಬಂದರೆ ಮೊದಲು ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷ್ ಆಮೇಲೆ ನೋಡಿದರಾಯಿತು. ಎಐ ಕೈಲಿ ಬರೆಸಿ ನನ್ನದು ಅಂತ ಕಳಿಸಿದರೆ ಕಾಮನ್ ಆ್ಯಪ್ ನಿಯಮದ ಪ್ರಕಾರ ಅದು ವಂಚನೆ. ದಸರಾ ರಜೆ ಮುಗಿಯುವಷ್ಟರಲ್ಲಿ ಒಂದು ಕರಡು ಕೈಯಲ್ಲಿರಲಿ. ಡಿಸೆಂಬರ್‌ಗೆ ಬಿಟ್ಟರೆ ಪ್ರಿಪರೇಟರಿ, ಜೆಇಇ ಎಲ್ಲಾ ಒಟ್ಟಿಗೆ ಮೇಲೆ ಬೀಳುತ್ತವೆ.

ದುಡ್ಡು. ದೊಡ್ಡ ಖಾಸಗಿ ಕಾಲೇಜುಗಳಲ್ಲಿ ಊಟ, ವಸತಿ ಸೇರಿ ವರ್ಷಕ್ಕೆ 80 ಸಾವಿರ ಡಾಲರ್ ದಾಟುತ್ತದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, ಡಾರ್ಟ್‌ಮತ್‌ನಂಥ ಕೆಲವು ಕಡೆ ನೀವು ಸಹಾಯ ಕೇಳಿದ್ದೀರಿ ಅನ್ನುವುದು ಆಯ್ಕೆಗೆ ಅಡ್ಡ ಬರುವುದಿಲ್ಲ, ಆಯ್ಕೆಯಾದರೆ ಮನೆಯ ಸ್ಥಿತಿ ನೋಡಿ ಕೊರತೆ ತುಂಬುತ್ತಾರೆ. ಉಳಿದ ಬಹುತೇಕ ಕಡೆ ಅಡ್ಡ ಬರುತ್ತದೆ. ಆದರೂ ಬೇಕಾದರೆ ಈಗಲೇ ಕೇಳಿ, ಸೀಟು ಸಿಕ್ಕ ಮೇಲೆ ಕೇಳಿದರೆ ಎಷ್ಟೋ ಕಾಲೇಜುಗಳು ಕೊಡುವುದಿಲ್ಲ. ಅಪ್ಪನ ಆದಾಯದ ಕಾಗದಗಳನ್ನು ಅಕ್ಟೋಬರ್‌ನಲ್ಲೇ ಒಟ್ಟು ಮಾಡಿ, ಕೃಷಿ ಆದಾಯ ಆದರೆ ತಹಶೀಲ್ದಾರರ ಕಚೇರಿಯ ಪ್ರಮಾಣಪತ್ರವೂ ಇರಲಿ. ಅರ್ಜಿ ಶುಲ್ಕ ಕಟ್ಟಲು ಕಷ್ಟ ಇದ್ದರೆ ಮನ್ನಾ ಕೇಳುವುದಕ್ಕೂ ಅವಕಾಶ ಇದೆ.

ಇಷ್ಟರ ಮಧ್ಯೆ ಕೆಸಿಇಟಿ ಅರ್ಜಿ ತುಂಬುವುದನ್ನು ಮರೆಯಬೇಡಿ. ಆ ಅರ್ಜಿ ಮುಗಿಯುವಷ್ಟರಲ್ಲಿ ಅಮೆರಿಕದ ಉತ್ತರ ಬಂದಿರುವುದಿಲ್ಲ.