ತಗಡಿಗೆ ತುಕ್ಕು ಹಿಡಿಸುವ ಬಗೆ: ಯುದ್ಧದಾಟದ ಮೇಜಿಗೊಂದು ನಿಸೆನ್ ಹಟ್

ಸೈನಿಕರ ಬೊಂಬೆಗಳನ್ನು ನಡೆಸಿ ಆಡುವ ಯುದ್ಧದಾಟದ ಮೇಜಿನ ಮೇಲಿಡುವ ಪುಟ್ಟ ಕಟ್ಟಡಗಳಿಗೆ ತುಕ್ಕಿನ ಬಣ್ಣ ಕೊಡಲು ಹೊರಟವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಕಿತ್ತಳೆ ಬಣ್ಣದ ಬಾಟಲಿಗೆ, ಕೆಲಸ ಕೆಡುವುದೂ ಅಲ್ಲಿಂದಲೇ. ತುಕ್ಕು ನೀರು ನಿಲ್ಲುವಲ್ಲಿ ಹುಟ್ಟುತ್ತದೆ, ನೀರು ಹರಿದ ದಾರಿಯಲ್ಲೇ ಇಳಿಯುತ್ತದೆ. ಆದ್ದರಿಂದ ಕುಂಚ ಹಿಡಿಯುವ ಮೊದಲು ಆ ಕಟ್ಟಡದ ಮೇಲೆ ಮಳೆ ಸುರಿದರೆ ನೀರು ಎಲ್ಲಿ ತಂಗುತ್ತದೆ, ಎಲ್ಲಿಂದ ಸೋರುತ್ತದೆ, ನೆಲಕ್ಕೆ ಬಿದ್ದು ಎಷ್ಟು ಎತ್ತರಕ್ಕೆ ಸಿಡಿಯುತ್ತದೆ ಎಂಬುದನ್ನು ಐದು ನಿಮಿಷ ಕುಳಿತು ಯೋಚಿಸಿದರೆ ಮುಂದಿನ ಕೆಲಸ ಅರ್ಧ ಮುಗಿದಂತೆ.

ಇಲ್ಲಿ ಉದಾಹರಣೆಗೆ ನಿಸೆನ್ ಹಟ್ ಅನ್ನು ತೆಗೆದುಕೊಂಡಿದ್ದೇನೆ. 1916ರಲ್ಲಿ ಬ್ರಿಟಿಷ್ ಸೇನೆಯ ಎಂಜಿನಿಯರ್ ಪೀಟರ್ ನಿಸೆನ್ ರೂಪಿಸಿದ ಈ ತಗಡಿನ ಮನೆ ನೋಡಲು ಉದ್ದಕ್ಕೆ ಸೀಳಿ ಮಗುಚಿಟ್ಟ ಪೀಪಾಯಿಯಂತಿರುತ್ತದೆ. ಎರಡನೆಯ ಮಹಾಯುದ್ಧದ ಕಾಲದ ವಿಮಾನ ನೆಲೆಯನ್ನು ಮೇಜಿನ ಮೇಲೆ ಕಟ್ಟುವವರಿಗೆ ಇಂಥದ್ದು ಒಂದಾದರೂ ಬೇಕೇ ಬೇಕು. ಮೂಲ ಕಟ್ಟಡದ ಅಗಲ 16 ಅಡಿ, 28 ಮಿ.ಮೀ. ಎತ್ತರದ ಸೈನಿಕ ಬೊಂಬೆಗಳಿಗೆ ಹೊಂದುವ 1:56 ಅಳತೆಯಲ್ಲಿ, ಅಂದರೆ ನಿಜದ ಐವತ್ತಾರರಲ್ಲಿ ಒಂದು ಪಾಲಿನಲ್ಲಿ, ಅದು ಸುಮಾರು 8.7 ಸೆಂ.ಮೀ. ಆಗುತ್ತದೆ. ಅಲೆಅಲೆಯಾದ ತಗಡಿನಲ್ಲಿ ಒಂದು ಏಣಿನಿಂದ ಇನ್ನೊಂದು ಏಣಿಗೆ ಸುಮಾರು 3 ಅಂಗುಲವಿದ್ದರೆ ನಮ್ಮ ಅಳತೆಯಲ್ಲಿ ಅದು ಒಂದೂವರೆ ಮಿ.ಮೀ.ಗಿಂತಲೂ ಕಡಿಮೆ. ಹಣ್ಣಿನ ಪೆಟ್ಟಿಗೆಯ ರಟ್ಟಿನ ಒಳಸುಕ್ಕು ಇದಕ್ಕೆ ತೀರ ದೊಡ್ಡದು. ಸಣ್ಣಪುಟ್ಟ ವಸ್ತುಗಳು ಬರುವ ತೆಳು ಪೆಟ್ಟಿಗೆಯ ರಟ್ಟನ್ನು ಒದ್ದೆ ಮಾಡಿ, ಮೇಲ್ಪದರ ಸುಲಿದರೆ ಸಿಗುವ ಸಣ್ಣ ಸುಕ್ಕು ಸರಿಹೋಗುತ್ತದೆ. ಇದೇ ಲೆಕ್ಕದಲ್ಲಿ ಕುಂಚದಿಂದ ಇಟ್ಟ ಒಂದು ಮಿ.ಮೀ. ಚುಕ್ಕೆ ನಿಜದಲ್ಲಿ ಐದೂವರೆ ಸೆಂ.ಮೀ. ಅಗಲದ ಕಲೆಯಾಗುತ್ತದೆ ಎಂಬುದನ್ನು ಕೊನೆಯವರೆಗೂ ಮರೆಯಬಾರದು.

ಈ ತಗಡಿಗೆ ಸತುವಿನ ಲೇಪವಿರುತ್ತದೆ. ಲೇಪವಿರುವಷ್ಟು ದಿನ ಸತುವು ತಾನು ಸವೆಯುತ್ತ ಕಬ್ಬಿಣವನ್ನು ಕಾಯುತ್ತದೆ, ಅದು ಮುಗಿದ ಕಡೆ ಮಾತ್ರ ತುಕ್ಕು ತಲೆಯೆತ್ತುತ್ತದೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಬೆಳೆದವರು ಹಳೆಯ ಕೊಟ್ಟಿಗೆಯ ಮಾಡನ್ನು ನೆನಪಿಸಿಕೊಂಡರೆ ಸಾಕು: ಮೊಳೆ ಹೊಡೆದ ತೂತಿನ ಸುತ್ತ, ಒಂದು ಶೀಟಿನ ಮೇಲೆ ಇನ್ನೊಂದು ಕುಳಿತ ಜಾಗದಲ್ಲಿ, ಕತ್ತರಿಸಿದ ಅಂಚಿನಲ್ಲಿ ಮೊದಲು ಕೆಂಪು ಕಾಣುತ್ತದೆ. ಒಂದು ಶೀಟು ಪೂರ್ತಿ ಕಂದಿದ್ದರೆ ಪಕ್ಕದ್ದು, ನಡುವೆ ಯಾವಾಗಲೋ ಬದಲಿಸಿದ್ದು, ಇನ್ನೂ ಬೂದುಬಣ್ಣದಲ್ಲೇ ಇರುತ್ತದೆ. ನಿಮ್ಮ ಹಟ್‌ನ ಪ್ರತಿ ಶೀಟಿಗೂ ಒಂದೊಂದು ವಯಸ್ಸನ್ನು ಮೊದಲೇ ನಿಗದಿ ಮಾಡಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಇಡೀ ಮಾಡಿಗೆ ಒಂದೇ ಹದದ ತುಕ್ಕು ಹಚ್ಚಿದರೆ ಅದು ತುಕ್ಕಿನ ಬಣ್ಣದ ಪೇಂಟ್ ಹೊಡೆಸಿದ ಮನೆಯಂತೆ ಕಾಣುತ್ತದೆ.

ಬಣ್ಣ ಚೆನ್ನಾಗಿ ಹಿಡಿಯಲೆಂದು ಎಲ್ಲಕ್ಕಿಂತ ಮೊದಲು ಕೊಡುವ ಲೇಪವಾದ ಪ್ರೈಮರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾದರಿಯಲ್ಲಿ ಎಲ್ಲಿಯಾದರೂ ಥರ್ಮಾಕೋಲ್ ಬಳಸಿದ್ದರೆ ಅದಕ್ಕೆ ನೇರವಾಗಿ ಸ್ಪ್ರೇ ಡಬ್ಬಿ ಹಿಡಿಯಬೇಡಿ. ಅದರಲ್ಲಿರುವ ದ್ರಾವಕ ಥರ್ಮಾಕೋಲನ್ನು ತಿಂದುಹಾಕುತ್ತದೆ. ನನ್ನ ಮೊದಲ ಬಂಕರ್ ಹೀಗೆ ಕಣ್ಣೆದುರೇ ಕುಸಿದು ಕುಳಿತಿತ್ತು. ಅಂಥ ಕಡೆ ಬಿಳಿ ಅಂಟಿಗೆ ಕಪ್ಪು ಅಕ್ರಿಲಿಕ್ ಬಣ್ಣ ಬೆರೆಸಿ ಕುಂಚದಿಂದ ಬಳಿದು ಮುಚ್ಚಿಬಿಡಿ.

ಪ್ರೈಮರ್ ಒಣಗಿದ ಮೇಲೆ ತುಕ್ಕಿನ ತಳಬಣ್ಣ. ಹಳೆಯ ತುಕ್ಕು ಗಾಢ ಕಂದು, ಹೊಸದು ಕಿತ್ತಳೆ. ಆದ್ದರಿಂದ ಗಾಢ ಬಣ್ಣವೇ ಮೊದಲು ಬರಬೇಕು. ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಬಣ್ಣಕ್ಕೆ ತುಸು ಕಪ್ಪು ಬೆರೆಸಿ ಪೂರ್ತಿ ಬಳಿಯಿರಿ. ಅದರ ಮೇಲೆ ಹರಿದ ಸ್ಪಂಜಿನ ತುಣುಕಿನಿಂದ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣವನ್ನು ಅಲ್ಲಲ್ಲಿ ಒತ್ತಿ. ಸ್ಪಂಜನ್ನು ಕತ್ತರಿಸಬೇಡಿ, ಹರಿಯಿರಿ. ಕತ್ತರಿಯ ನೇರ ಅಂಚು ಬಣ್ಣದಲ್ಲೂ ಮೂಡುತ್ತದೆ. ಅದ್ದಿದ ಸ್ಪಂಜನ್ನು ಮೊದಲು ಹಳೆಯ ಕಾಗದದ ಮೇಲೆ ಏಳೆಂಟು ಸಲ ಒತ್ತಿ, ಗುರುತು ಬಹುತೇಕ ಮಾಯವಾಗುವ ಹಂತಕ್ಕೆ ಬಂದಾಗ ಮಾದರಿಗೆ ತನ್ನಿ.

ಈ ಕೆಲಸದ ಜೀವಾಳ ಮುಂದಿನ ಹಂತದಲ್ಲಿದೆ. ತಳಬಣ್ಣಕ್ಕೆ ವಾರ್ನಿಷ್ ಕೊಟ್ಟು ಒಂದು ರಾತ್ರಿ ಒಣಗಲು ಬಿಟ್ಟು, ಮರುದಿನ ಕೂದಲಿಗೆ ಹಾಕುವ ಸಾಧಾರಣ ಹೇರ್ ಸ್ಪ್ರೇಯನ್ನು ಎರಡು ತೆಳು ಸುತ್ತು ಹೊಡೆಯಿರಿ. ಅದು ಒಣಗಿದ ಮೇಲೆ ಸತುವಿನ ಬಣ್ಣ, ಅಂದರೆ ತುಸು ನೀಲಿ ಬೆರೆತ ತಿಳಿ ಬೂದುಬಣ್ಣವನ್ನು, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ಷಿನಿಂದ ತೆಳುವಾಗಿ ಕೊಡಬೇಕು. ಏರ್‌ಬ್ರಷ್ ಇಲ್ಲದವರು ಮೆತ್ತನೆಯ ಅಗಲ ಕುಂಚದಿಂದ ಒಂದೇ ಎಳೆತಕ್ಕೆ ಬಳಿಯಬಹುದು, ಆದರೆ ಅದೇ ಜಾಗವನ್ನು ಎರಡನೆಯ ಸಲ ಉಜ್ಜಿದರೆ ಕೆಳಗಿನ ಸ್ಪ್ರೇ ಕರಗಿ ಎಲ್ಲ ಕಲಸಿಹೋಗುತ್ತದೆ. ಈ ಮೇಲುಬಣ್ಣ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ಕೇ ಆಗಿರಬೇಕು. ಸುಮಾರು ಇಪ್ಪತ್ತು ನಿಮಿಷದ ನಂತರ ಒಂದು ಶೀಟನ್ನು ಮಾತ್ರ ನೀರಿನಿಂದ ತೇವ ಮಾಡಿ ಒಂದು ನಿಮಿಷ ಕಾಯಿರಿ. ನೀರು ಬಣ್ಣದ ಮೂಲಕ ಇಳಿದು ಹೇರ್ ಸ್ಪ್ರೇಯನ್ನು ಮೆತ್ತಗಾಗಿಸುತ್ತದೆ. ಆಗ ಕೂದಲು ಮೊಂಡಾದ ಗಟ್ಟಿ ಕುಂಚದಿಂದ ಕೆಳ ಅಂಚನ್ನು ಕುಟ್ಟಿದರೆ, ಮೊದಲು ಕೂದಲೆಳೆಯಂಥ ಬಿರುಕು ಕಾಣಿಸಿ, ಮತ್ತೆರಡು ಏಟಿಗೆ ಬೂದುಬಣ್ಣ ಪುಟ್ಟ ಚಕ್ಕೆಯಾಗಿ ಎದ್ದು ಕೆಳಗಿನ ಕಂದು ಇಣುಕುತ್ತದೆ. ಸಾಕು ಎನಿಸುವುದಕ್ಕಿಂತ ಸ್ವಲ್ಪ ಮೊದಲೇ ಕೈ ತೆಗೆಯಿರಿ, ಏಕೆಂದರೆ ಒಣಗಿದ ಮೇಲೆ ಕಲೆ ಇನ್ನೂ ಎದ್ದು ಕಾಣುತ್ತದೆ. ಎಲ್ಲ ಶೀಟು ಮುಗಿದ ಮೇಲೆ ಮತ್ತೊಂದು ಸುತ್ತು ವಾರ್ನಿಷ್ ಕೊಟ್ಟು ಒಣಗಿಸಿ.

ಸೋರಿದ ಗೆರೆಗಳಿಗೆ ಎಣ್ಣೆ ಬಣ್ಣಕ್ಕಿಂತ ಒಳ್ಳೆಯದು ಇಲ್ಲವೆಂಬುದು ನನ್ನ ಅಭಿಪ್ರಾಯ. ತಿದ್ದಲು ಸಮಯ ಕೊಡುತ್ತದೆ. ಟ್ಯೂಬಿನಿಂದ ತೆಗೆದ ಬಣ್ಣವನ್ನು ಅರ್ಧ ಗಂಟೆ ರಟ್ಟಿನ ಮೇಲಿಟ್ಟರೆ ಹೆಚ್ಚಿನ ಎಣ್ಣೆ ರಟ್ಟಿಗೆ ಇಳಿದು, ಬಣ್ಣ ಒಣಗಿದಾಗ ಮಿನುಗುವುದಿಲ್ಲ. ಬೋಲ್ಟಿನ ಕೆಳಗೆ ಸೂಜಿಮೊನೆಯಷ್ಟು ಬರ್ನ್ಟ್ ಸಿಯೆನ್ನಾ ಇಟ್ಟು, ಟರ್ಪೆಂಟೈನಿನಲ್ಲಿ ಅದ್ದಿ ಬಟ್ಟೆಗೆ ಒರೆಸಿದ ಕುಂಚದಿಂದ ಕೆಳಕ್ಕೆ ಎಳೆಯಿರಿ. ನಿಸೆನ್ ಹಟ್‌ನ ಹೊರ ತಗಡಿನ ಸುಕ್ಕುಗಳು ಕಮಾನಿನ ಮೇಲಿಂದ ನೆಲದ ಕಡೆಗೆ ಇಳಿಯುತ್ತವೆ, ಹಾಗಾಗಿ ಗೆರೆ ತಗ್ಗಿನೊಳಗೇ ಹರಿಯಬೇಕು, ಏಣನ್ನು ದಾಟಬಾರದು. ಕಿಟಕಿ ತೆರೆದಿಟ್ಟುಕೊಳ್ಳಿ.

ನೆಲಕ್ಕೆ ತಾಗುವ ಕೊನೆಯ ಅರ್ಧ ಸೆಂ.ಮೀ.ಗೆ ಒಣ ಪುಡಿ ಹಾಕುವುದು ಲೇಸು. ಇದಕ್ಕೆ ದುಬಾರಿ ಪಿಗ್ಮೆಂಟ್ ಬಾಟಲಿಯೇ ಬೇಕೆಂದಿಲ್ಲ. ರಂಗೋಲಿಗೆ ಬಳಸುವ ಕೆಮ್ಮಣ್ಣನ್ನು ತೆಳು ಬಟ್ಟೆಯಲ್ಲಿ ಎರಡು ಸಲ ಜಾಲಿಸಿಕೊಂಡರೆ ಸಾಕು. ಕೆಮ್ಮಣ್ಣಿಗೆ ಕೆಂಪು ಕೊಟ್ಟದ್ದೂ ಕಬ್ಬಿಣದ ಆಕ್ಸೈಡೇ, ಆದ್ದರಿಂದ ಒಂದರ್ಥದಲ್ಲಿ ನೀವು ಹಚ್ಚುತ್ತಿರುವುದು ಅಸಲಿ ತುಕ್ಕು. ಇನ್ನೊಂದು ಸೂಕ್ಷ್ಮ: ಬ್ರಿಟನ್ನಿನಲ್ಲಿ ಕಟ್ಟಡಗಳ ಉತ್ತರದ ಮಗ್ಗುಲಿಗೆ ಬಿಸಿಲು ಕಡಿಮೆ, ತೇವ ಹೆಚ್ಚು. ಮಂಕು ಹಸಿರು ಪಾಚಿಯನ್ನು ಆ ಒಂದು ಮಗ್ಗುಲಿಗೆ ಮಾತ್ರ ಕೊಟ್ಟು, ಮೇಜಿನ ಮೇಲಿನ ಎಲ್ಲ ಕಟ್ಟಡಗಳಿಗೂ ಉತ್ತರ ಒಂದೇ ಕಡೆ ಬರುವಂತೆ ಜೋಡಿಸಿ.

ಆಟದಲ್ಲಿ ಈ ಕಟ್ಟಡವನ್ನು ಹತ್ತಾರು ಕೈಗಳು ಎತ್ತಿಡುವುದರಿಂದ ಕೊನೆಗೆ ಮ್ಯಾಟ್, ಅಂದರೆ ಹೊಳಪಿಲ್ಲದ, ವಾರ್ನಿಷ್ ಬೇಕು. ಹೊಳೆಯುವ ವಾರ್ನಿಷ್ ತುಕ್ಕನ್ನು ಸುಳ್ಳು ಮಾಡುತ್ತದೆ. ವಾರ್ನಿಷ್ ಬಿದ್ದರೆ ಪುಡಿಯ ಬಣ್ಣ ಸ್ವಲ್ಪ ಗಾಢವಾಗುತ್ತದೆ, ಹಾಗಾಗಿ ಪುಡಿಯನ್ನು ಮೊದಲೇ ಒಂದು ಛಾಯೆ ತಿಳಿಯಾಗಿ ಆರಿಸಿಕೊಳ್ಳಿ. ಮಳೆಗಾಲದ ತೇವದ ದಿನ ಸ್ಪ್ರೇ ವಾರ್ನಿಷ್ ಮುಟ್ಟಬೇಡಿ. ಒಮ್ಮೆ ಜುಲೈ ತಿಂಗಳಲ್ಲಿ ಅವಸರಪಟ್ಟು ಹೊಡೆದು, ಮೂರು ವಾರದ ಕೆಲಸದ ಮೇಲೆ ಬೂದಿ ಚೆಲ್ಲಿದಂಥ ಬಿಳಿ ಮಬ್ಬು ಕುಳಿತದ್ದನ್ನು ಕಂಡಿದ್ದೇನೆ. ವಾರ್ನಿಷ್ ಒಣಗಿದ ಮೇಲೆ ಹಟ್ ಅನ್ನು ಮೇಜಿನ ಮೇಲಿಟ್ಟು, ಆಟಗಾರ ನಿಲ್ಲುವ ದೂರದಿಂದ, ಎಂದರೆ ಎರಡು ಮೂರು ಅಡಿ ಆಚೆಯಿಂದ ನೋಡಿ. ಮೊದಲು ಕೈಹಾಕಬೇಡಿ ಎಂದ ಆ ಕಿತ್ತಳೆ ಬಾಟಲಿಯನ್ನು ಈಗ ತೆರೆದು, ಅತಿ ಹೊಸ ತುಕ್ಕು ಇರಬೇಕಾದ ಎರಡೋ ಮೂರೋ ಬೋಲ್ಟುಗಳ ಬುಡಕ್ಕೆ ಕುಂಚದ ತುದಿಯಿಂದ ಒಂದೊಂದು ಚುಕ್ಕೆ ಇಡಿ.