ಮುಂಜಾನೆಯ ಮೊದಲ ಟೇಕ್: ಗಿಟಾರಿಗೆ ಗುರಿ ಹಾಕಿಕೊಂಡ ನನ್ನ ಅನುಭವ

"ಚೀಟಿ ಬರದು ಗ್ವಾಡಿಗೆ ಹಚ್ಚಿದ್ರ ಕೈ ಓಡ್ತದೇನ್ರಿ? ಕೈಗೆ ರಿಯಾಜ್ ಬೇಕು." ಗಿಟಾರಿನ ಗುರಿಗಳನ್ನು ಚೀಟಿಯಲ್ಲಿ ಬರೆದು ಗೋಡೆಗೆ ಹಚ್ಚುವುದು ನನ್ನ ರೂಢಿ, ಅದಕ್ಕೆ ಬೆಳಗಾವಿಯ ಗೆಳೆಯರಿಂದ ಈ ಮಾತನ್ನು ಎರಡು ವರ್ಷ ಕೇಳಿದೆ. ಹೋದ ಶ್ರಾವಣದ ಭಜನೆಯಲ್ಲಿ ಪೇಟಿಯವರು (ಹಾರ್ಮೋನಿಯಂನವರು) ಶ್ರುತಿ ಬದಲಿಸಿ ಎರಡನೇ ಕರಿ ಪಟ್ಟಿಯಿಂದ, ಅಂದರೆ ಕಾಳಿ ಎರಡರಿಂದ, ಸೀದಾ ಕಾಳಿ ನಾಲ್ಕಕ್ಕೆ ಹೋದರೂ ನನ್ನ ಗಿಟಾರ್ ನಿಲ್ಲಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ), ಕೇಪೋ (ತಂತಿಗಳನ್ನು ಒತ್ತಿ ಸ್ವರ ಏರಿಸುವ ಕ್ಲಿಪ್), ಮೆಟ್ರೊನೋಮ್ (ಲಯದ ಟಿಕ್ ಟಿಕ್ ಯಂತ್ರ) ಬಳಸಿ ಗೊತ್ತಿರುವವರಿಗೆ ಇದು. ಬುಡದಿಂದ ಹೇಳುವುದಿಲ್ಲ.

ಮೊದಲು ಬರೆದ ಗುರಿಗಳೆಲ್ಲ ಕೆಟ್ಟವು. "ದಿನಾ ಎರಡು ತಾಸು ಬಾರಿಸಬೇಕು" ಎಂಬುದು ಗುರಿಯೇ ಅಲ್ಲ. ಅದು ಕೂತ ಹೊತ್ತಿನ ಲೆಕ್ಕ. ಆ ಎರಡು ತಾಸಿನಲ್ಲಿ ಒಂದೂವರೆ ತಾಸು ಮೊದಲೇ ಬರುವ ಹಾಡುಗಳಿಗೇ ಹೋಗುತ್ತದೆ. "ಒಂದು ತಿಂಗಳಲ್ಲಿ ಸ್ಕೇಲ್ 120ಕ್ಕೆ" (ಸ್ವರಗಳ ಸಾಲನ್ನು ನಿಮಿಷಕ್ಕೆ 120 ಬಡಿತದ ವೇಗಕ್ಕೆ ತರುವುದು) ಎಂಬುದು ನೋಡಲು ಗುರಿಯಂತಿದ್ದರೂ ಅದೂ ಮೋಸವೇ. ರಾತ್ರಿ 112ರಲ್ಲಿ ಸ್ವಚ್ಛ ಬಂತೆಂದು ಬರೆದಿಟ್ಟರೆ, ಮರುದಿನ ಮುಂಜಾನೆ 84ಕ್ಕೇ ಬೆರಳು ತೊಡರುತ್ತಿದ್ದವು. ಬರೆದಿಟ್ಟದ್ದು ಇಪ್ಪತ್ತನೇ ಸಲದ, ಕಾದ ಕೈಯ ಅಂಕಿ. ಭಜನೆಗೆ ಕೂತಾಗ ಇಪ್ಪತ್ತು ಸಲ ಯಾರೂ ಕೊಡುವುದಿಲ್ಲ, ಮೊದಲ ಸಲವೇ ಬರಬೇಕು.

ಅಲ್ಲಿಂದ ಒಂದೇ ನಿಯಮ. ರಿಯಾಜ್ ಸಂಜೆ, ಅಳತೆ ಮುಂಜಾನೆ. ಎದ್ದು, ಮುಖ ತೊಳೆದು, ಟ್ಯೂನ್ ಮಾಡಿ, ಕೈ ಬಿಸಿ ಮಾಡಿಕೊಳ್ಳದೆ ಫೋನಿನಲ್ಲಿ ರೆಕಾರ್ಡ್ ಒತ್ತಿ ಒಂದೇ ಟೇಕ್. ಅದರಲ್ಲಿ ಬಂದದ್ದೇ ಆ ದಿನದ ಅಂಕಿ. ಸತತ ಮೂರು ಮುಂಜಾನೆ ತಪ್ಪಿಲ್ಲದೆ ಬಂದರೆ ಮಾತ್ರ ಗುರಿ ಮುಟ್ಟಿತೆಂದು ಚೀಟಿ ಹರಿದು ಹಾಕುವುದು. ಫೋನನ್ನು ಸೌಂಡ್‌ಹೋಲಿನ (ಗಿಟಾರಿನ ಹೊಟ್ಟೆಯ ತೂತಿನ) ಎದುರು ಇಡಬೇಡಿ. ಅಲ್ಲಿ ಬೇಸ್ ಗುಂಯ್‌ಗುಟ್ಟಿ ಸರಿಯಾಗಿ ನುಡಿಯದ ತಂತಿಗಳೆಲ್ಲ ಮುಚ್ಚಿಹೋಗುತ್ತವೆ. ಹನ್ನೆರಡನೇ ಫ್ರೆಟ್ಟಿನ (ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿಯ) ಎದುರು, ಒಂದು ಮೊಳ ದೂರದಲ್ಲಿಟ್ಟರೆ ಎಲ್ಲ ತಪ್ಪೂ ಕೇಳಿಸುತ್ತದೆ.

ಚೀಟಿಯಲ್ಲಿ ನಾಲ್ಕು ವಿಷಯ ಇರಲೇಬೇಕು: ಯಾವ ತುಣುಕು, ಎಷ್ಟು ವೇಗ, ಕೇಪೋ ಎಲ್ಲಿ, ಯಾವ ತಾರೀಖಿನೊಳಗೆ. "ಸಿ, ಎಫ್, ಜಿ, ಸಿ, ಕೆಹರ್ವಾ, ವೇಗ 92, ಕೇಪೋ 1, 14 ದಿನ." ಇಷ್ಟೇ. ಸಿ, ಎಫ್, ಜಿ ಕಾರ್ಡುಗಳು, ಕೆಹರ್ವಾ ಎಂಟು ಮಾತ್ರೆಯ ತಾಳ. ಒಮ್ಮೆ ಐದು ಚೀಟಿ ಹಚ್ಚಿದ್ದೆ, ತಿಂಗಳಾದರೂ ಒಂದೂ ಹರಿಯಲಿಲ್ಲ. ಎರಡೇ ಸಾಕು, ಒಂದು ಎಡಗೈಗೆ, ಇನ್ನೊಂದು ಬಲಗೈಗೆ.

ವೇಗದ ಅಂಕಿ ಎಲ್ಲಿಂದ ತರಬೇಕು? ಮೊದಲ ಮುಂಜಾನೆ ಸ್ವಚ್ಛವಾಗಿ ಬಂದ ವೇಗಕ್ಕೆ 12ರಿಂದ 15 ಸೇರಿಸಿ, 14 ದಿನ ಕೊಡಿ. 30 ಸೇರಿಸಿ ನೋಡಿದ್ದೇನೆ. ಒಂಬತ್ತು ಹತ್ತನೇ ದಿನಕ್ಕೆ ಎಲ್ಲ ಕುಸಿಯಿತು, ಮೇಲಾಗಿ ಮೊಣಕೈ ಬಿಗಿ ಹಿಡಿಯುವ ಚಟ ಅಂಟಿಕೊಂಡಿತು. ಅದನ್ನು ಬಿಡಿಸಲು ಮತ್ತೆ ಮೂರು ವಾರ. ಸಂಜೆಯ ರಿಯಾಜಿನಲ್ಲಿ ಮೂರು ಸಲ ಸ್ವಚ್ಛ ಬಂದರೆ 4 ಏರಿಸಿ, ಎರಡು ಸಲ ತಪ್ಪಿದರೆ 8 ಇಳಿಸಿ. ಏರಿಸುವುದಕ್ಕಿಂತ ಇಳಿಸುವುದಕ್ಕೇ ಹೆಚ್ಚು ಧೈರ್ಯ ಬೇಕು.

ನನ್ನ ವೇಗ 96ರ ಹತ್ತಿರ ಗಟ್ಟಿಯಾಗಿ ನಿಂತುಬಿಟ್ಟಿತ್ತು. ಅಂಥಲ್ಲಿ ಇನ್ನಷ್ಟು ಬಾರಿಸುವುದು ಮದ್ದಲ್ಲ. ತಪ್ಪು ಯಾವ ಕೈಯದು ಎಂದು ಮೊದಲು ಬೇರ್ಪಡಿಸಿ. ಪಿಕ್ (ತಂತಿ ಮೀಟುವ ಚೂರು) ಕೆಳಗಿಟ್ಟು, ಗುರಿಯ ವೇಗದಲ್ಲಿ ಎಡಗೈ ಒಂದನ್ನೇ ಓಡಿಸಿ. ಆಮೇಲೆ ಎಡಗೈ ತೆಗೆದು, ಖಾಲಿ ತಂತಿಗಳ ಮೇಲೆ ಬಲಗೈ ಒಂದನ್ನೇ ಓಡಿಸಿ. ಯಾವುದು ಮುರಿಯುತ್ತದೋ ಅದೇ ಕಳ್ಳ. ಮೂರು ತಿಂಗಳು ಎಡಗೈಯನ್ನು ದಂಡಿಸಿದ್ದೆ, ಸಿಕ್ಕಿಬಿದ್ದದ್ದು ಬಲಗೈ. ಪಿಕ್ ತಂತಿ ದಾಟಿ ಅರ್ಧ ಇಂಚು ಆಚೆ ಹೋಗುತ್ತಿತ್ತು. ತಂತಿಯ ಎರಡೂ ಕಡೆ ಎರಡೆರಡು ಮಿಲಿಮೀಟರಿಗೆ ಕಟ್ಟಿಹಾಕಿದ ಮೇಲೆ ಎರಡು ವಾರದಲ್ಲಿ 108 ದಾಟಿತು.

ಇನ್ನು ಎಫ್ ಬಾರ್, ಅಂದರೆ ತೋರುಬೆರಳೊಂದನ್ನೇ ಆರೂ ತಂತಿಗೆ ಅಡ್ಡ ಒತ್ತಿ ಹಿಡಿಯುವ ಎಫ್ ಕಾರ್ಡ್. ರೊಕ್ಕ ಸುರಿದದ್ದೆಲ್ಲ ಇದರ ಮೇಲೇ. ಆನ್‌ಲೈನ್ ಕೋರ್ಸಿಗೆ 4,500, ಆರನೇ ಪಾಠದ ನಂತರ ತೆರೆಯಲೇ ಇಲ್ಲ. ಕೈ ಹಿಸುಕುವ ಸ್ಪ್ರಿಂಗಿಗೆ 250, ವ್ಯರ್ಥ. ತೆಳು 10ರ ತಂತಿ (ಅಂಕಿ ಸಣ್ಣದಾದಷ್ಟೂ ತಂತಿ ತೆಳು) ಹಾಕಿದರೆ ಬಾರ್ ಹಗುರಾಯಿತು, ಆದರೆ ತಬಲಾದ ಪಕ್ಕದಲ್ಲಿ ಗಿಟಾರಿನ ದನಿಯೇ ಏಳಲಿಲ್ಲ. ಕೊನೆಗೆ ದೋಷ ಬೆರಳಲ್ಲಿರಲಿಲ್ಲ, ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯಲ್ಲಿ, ಅಂದರೆ ನಟ್ಟಿನಲ್ಲಿತ್ತು. ನೀವೂ ನೋಡಿಕೊಳ್ಳಿ: ತಂತಿಯನ್ನು ಎರಡು ಮತ್ತು ಮೂರನೇ ಫ್ರೆಟ್ಟಿನ ನಡುವೆ ಒತ್ತಿ, ಒಂದನೇ ಫ್ರೆಟ್ಟಿನ ಮೇಲಿನ ಸಂದು ನೋಡಿ. ಕೂದಲೆಳೆಯಷ್ಟಿದ್ದರೆ ಸರಿ. ಪೋಸ್ಟ್ ಕಾರ್ಡ್ ತೂರುವಷ್ಟಿದ್ದರೆ ನಟ್ಟಿನ ಕಚ್ಚು (ತಂತಿ ಕೂರುವ ಸೀಳು) ಎತ್ತರವಿದೆ ಎಂದರ್ಥ, ಯಾವ ರಿಯಾಜೂ ಅದನ್ನು ಸರಿಮಾಡದು. ಒಂದು ಅಂಗಡಿಯಲ್ಲಿ 300 ಕೊಟ್ಟು ಅರ ಹಾಕಿಸಿದೆ. ಜಿ ತಂತಿಯ ಕಚ್ಚು ಅತಿಯಾಗಿ ಇಳಿದು ಖಾಲಿ ತಂತಿ ಝರ್ ಎನ್ನತೊಡಗಿತು. ಹೊಸ ನಟ್ಟಿಗೆ ಮತ್ತೆ 600 ಹೋಯಿತು. ಈಗ ಮೋಟರ್ ಸ್ಪೇರ್ ಪಾರ್ಟ್ಸ್ ಅಂಗಡಿಯ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳು) ಇದೆ, 150 ರೂಪಾಯಿ. ಒಂದು ಮತ್ತು ಹದಿನಾಲ್ಕನೇ ಫ್ರೆಟ್ ಒತ್ತಿದಾಗ ಏಳನೆಯದರ ಮೇಲೆ ಸಂದು 0.2ರಿಂದ 0.25 ಮಿಲಿಮೀಟರ್, ಏನೂ ಒತ್ತದಿದ್ದಾಗ ಹನ್ನೆರಡನೆಯದರ ಮೇಲೆ ದಪ್ಪ ಇ ತಂತಿಗೆ 2.2, ಸಣ್ಣದಕ್ಕೆ 1.7. ಇಷ್ಟಾದ ಮೇಲೆ ಸಿ-ಎಫ್ ಬದಲಾವಣೆ ನಿಮಿಷಕ್ಕೆ 22 ಇದ್ದದ್ದು ಐದು ವಾರದಲ್ಲಿ 58ರ ಹತ್ತಿರ ಬಂತು. ಎಣಿಸಿದ್ದು ಎಫ್‌ನ ಆರೂ ತಂತಿ ನುಡಿದವನ್ನು ಮಾತ್ರ.

ಈ ಅಳತೆಯೂ ವರ್ಷವಿಡೀ ನಿಲ್ಲುವುದಿಲ್ಲ. ಬೆಳಗಾವಿಯ ಮಳೆಗಾಲದಲ್ಲಿ ಮರ ತೇವ ಕುಡಿದು ಗಿಟಾರಿನ ಸೇತುವೆಯ (ಬ್ರಿಜ್‌ನ) ಹಿಂದೆ ಮೇಲ್ಹಲಗೆ ಉಬ್ಬುತ್ತದೆ, 2.2 ಇದ್ದ ಆಕ್ಷನ್ (ಫ್ರೆಟ್ಟಿನ ಮೇಲೆ ತಂತಿಯ ಎತ್ತರ) 2.7ರ ಆಸುಪಾಸಿಗೆ ಏರುತ್ತದೆ. ಅದೇ ಗಿಟಾರನ್ನು ಏಪ್ರಿಲ್‌ನಲ್ಲಿ ವಿಜಯಪುರಕ್ಕೆ ಒಯ್ದರೆ ಒಣ ಬಿಸಿಲಿಗೆ ಹಲಗೆ ಕುಗ್ಗಿ ತಂತಿಗಳು ಫ್ರೆಟ್ಟಿಗೆ ತಾಗುತ್ತವೆ. ಕುತ್ತಿಗೆಯ ಫ್ರೆಟ್ ಹಲಗೆಯೂ ಒಣಗಿ ಸಣ್ಣದಾಗುವುದರಿಂದ ಫ್ರೆಟ್ಟುಗಳ ತುದಿ ಅಂಗೈಗೆ ಚುಚ್ಚುತ್ತವೆ. ಹಾಗಾಗಿ ಎರಡು ಸ್ಯಾಡಲ್ (ಸೇತುವೆಯಲ್ಲಿ ತಂತಿಗಳು ಕೂರುವ ಪಟ್ಟಿ) ಇಟ್ಟುಕೊಂಡಿದ್ದೇನೆ, ಮಳೆಗೊಂದು, ಬೇಸಿಗೆಗೊಂದು. ಹನ್ನೆರಡನೇ ಫ್ರೆಟ್ಟಿನಲ್ಲಿ ಅರ್ಧ ಮಿಲಿಮೀಟರ್ ಇಳಿಯಬೇಕೆಂದರೆ ಸ್ಯಾಡಲಿನ ತಳದಿಂದ ಒಂದು ಮಿಲಿಮೀಟರ್ ಉಜ್ಜಬೇಕು. ಮೇಲಿನಿಂದ ಉಜ್ಜಿದರೆ ಅದರ ಬಾಗು ಹಾಳಾಗುತ್ತದೆ. ಜುಲೈಯಲ್ಲಿ ಬಾರ್ ಕಾರ್ಡಿನ ಚೀಟಿ ಹಚ್ಚುವ ಮುಂಚೆ ಅಳೆದು ನೋಡಿ, ಇಲ್ಲದಿದ್ದರೆ ಹಿಂದೆ ಬಿದ್ದೆವೆಂದು ಸುಮ್ಮನೆ ಹಳಹಳಿ.

ಈಗ ಸ್ವರದ ವಿಷಯ. ಇಲ್ಲಿ ಹಾಡುವವರು ಇ ಮೇಜರ್ ಎನ್ನುವುದಿಲ್ಲ, ಪೇಟಿಯ ಕರಿ ಪಟ್ಟಿ ತೋರಿಸಿ ಕಾಳಿ ಒಂದು, ಕಾಳಿ ಎರಡು ಎನ್ನುತ್ತಾರೆ. ಕಾಳಿ ಒಂದು ಸಿ ಶಾರ್ಪ್, ಎರಡು ಡಿ ಶಾರ್ಪ್, ಮೂರು ಎಫ್ ಶಾರ್ಪ್, ನಾಲ್ಕು ಜಿ ಶಾರ್ಪ್, ಐದು ಎ ಶಾರ್ಪ್. ಐದೂ ಗಿಟಾರಿಗೆ ವೈರಿಗಳು. ಕೇಪೋ ಹಾಕಿ ತೆಗೆಯುವುದರೊಳಗೆ ಪಲ್ಲವಿ ಮುಗಿದಿರುತ್ತದೆ. ಪ್ರಯೋಗಕ್ಕೆಂದು ಆರೂ ತಂತಿಯನ್ನು ಅರ್ಧ ಸ್ವರ ಇಳಿಸಿದೆ. ಕೇಪೋ ಇಲ್ಲದೆಯೇ ಡಿ ಹಿಡಿದರೆ ಕಾಳಿ ಒಂದು, ಇ ಹಿಡಿದರೆ ಕಾಳಿ ಎರಡು, ಜಿ ಹಿಡಿದರೆ ಮೂರು, ಎ ಹಿಡಿದರೆ ನಾಲ್ಕು! ಐದಕ್ಕೆ ಮಾತ್ರ ಎರಡನೇ ಫ್ರೆಟ್ಟಿನಲ್ಲಿ ಕೇಪೋ ಹಾಕಿ ಎ. ಬಿಳಿ ಪಟ್ಟಿಯಲ್ಲಿ ಹಾಡುವವರು ಬಂದರೆ ಒಂದರಲ್ಲಿ ಕೇಪೋ, ಗಿಟಾರ್ ಮೊದಲಿನಂತೆ. ಇಳಿಸಿದಾಗ 11ರ ತಂತಿ ಸಡಿಲಾಗಿ ಝರ್ ಎನ್ನುತ್ತದೆ, 12ರ ಸೆಟ್ ಹಾಕಿದರೆ ಹೆಚ್ಚುಕಡಿಮೆ ಅದೇ ಬಿಗಿ ಸಿಗುತ್ತದೆ. ಸೆಟ್ಟಿಗೆ ನಾನು ಕೊಟ್ಟದ್ದು 600ರ ಆಸುಪಾಸು. ಇ ಯಿಂದ ಎ ಗೆ ಮಧ್ಯದಲ್ಲೇ ಹಾರುವಾಗ ಬಲಗೈ ಹೆಬ್ಬೆರಳು ಮಾಡುವ ಒಂದು ಕೆಲಸವಿದೆ. ಅದನ್ನು ಬರೆಯುವುದಿಲ್ಲ, ಎದುರು ಕೂತವರಿಗೆ ತೋರಿಸುತ್ತೇನೆ.

ತಂತಿಯ ಮೇಲೆ ಜಾರಿಸುವ ಸ್ಟೀಲ್ ಸ್ಲೈಡಿನಿಂದ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ತೆಗೆಯಲೂ ನೋಡಿದ್ದೆ. 2.2ರ ಆಕ್ಷನ್ನಿನಲ್ಲಿ ಸ್ಲೈಡ್ ಫ್ರೆಟ್ಟಿಗೆ ಬಡಿಯುತ್ತದೆ, ತಂತಿ ಎತ್ತರಿಸಿದರೆ ಕಾರ್ಡ್ ಹಿಡಿಯಲಾಗದು. ಅದಕ್ಕೆ ಬೇರೆ ಗಿಟಾರೇ ಬೇಕು ಎಂದು ಬಿಟ್ಟೆ.

ತಬಲಾದವರು ಮೊದಮೊದಲು ಮುಖ ಸಿಂಡರಿಸುತ್ತಿದ್ದುದಕ್ಕೆ ಕಾರಣ ವೇಗವಲ್ಲ, ಬೇಸ್. ಕೆಹರ್ವಾದಲ್ಲಿ ಗಿಟಾರಿನವರು ಸಾಮಾನ್ಯವಾಗಿ ಒಂದನೇ ಮಾತ್ರೆಗೂ ಐದನೆಯದಕ್ಕೂ ದಪ್ಪ ತಂತಿ ಹೊಡೆಯುತ್ತಾರೆ. ಧಾ ಗೆ ನಾ ತಿ, ನಾ ಕ ಧಿ ನಾ ಎಂದು ಬಾಯಿಂದ ಹೇಳಿ ನೋಡಿ. ಐದು ಖಾಲಿ (ಒತ್ತಿಲ್ಲದ ಮಾತ್ರೆ), ಅಲ್ಲಿ ಡಗ್ಗಾ (ತಬಲಾ ಜೋಡಿಯ ಎಡಗಡೆಯದು) ಸುಮ್ಮನಿರುತ್ತದೆ. ಎಡಗಡೆಯ ದನಿ ಮರಳುವುದು ಏಳಕ್ಕೆ. ಹಾಗಾಗಿ ಬೇಸ್ ಒಂದಕ್ಕೆ ಮತ್ತು ಏಳಕ್ಕೆ, ಐದಕ್ಕೆ ಮೇಲಿನ ಮೂರು ಸಣ್ಣ ತಂತಿ ಮಾತ್ರ. ಆರು ಮಾತ್ರೆಯ ದಾದ್ರಾದಲ್ಲಿ ಒಂದಕ್ಕೆ ಬೇಸ್, ನಾಲ್ಕಕ್ಕೆ ಕೈ ಹಗುರ. ಹಿಂದೂಸ್ತಾನಿಯ ಏಳು ಮಾತ್ರೆಯ ರೂಪಕ ಎಲ್ಲಕ್ಕಿಂತ ಕಷ್ಟ: ತೀ ತೀ ನಾ, ಧೀ ನಾ, ಧೀ ನಾ. ಸಮವೇ (ಮೊದಲ ಮಾತ್ರೆಯೇ) ಖಾಲಿ. ಒಂದಕ್ಕೆ ಬೇಸ್ ಹೊಡೆದೇ ರೂಢಿಯಾದ ಕೈಗೆ ನಾಲ್ಕು ಮತ್ತು ಆರಕ್ಕೆ ಹೊಡೆಯಲು ಕಲಿಸುವುದೇ ಒಂದು ಚೀಟಿ. 60ರಿಂದ ಸುರು ಮಾಡಿದೆ, ಕಾರ್ಡ್ ಬದಲಿಸದೆ ಒಂದೇ ಇ ಹಿಡಿದು. ಈ ಮೂರು ತಾಳ ಕೂತ ಮೇಲೆ ಪೇಟಿ, ತಬಲಾ ಜೊತೆ ಮೂರು ತಾಸು ಎಡೆಬಿಡದೆ ನಡೆಸಬಲ್ಲೆ. ನನ್ನ ಗುರುತಿನಲ್ಲಿ ಈ ಕಡೆ ಹಾಗೆ ನಡೆಸುವ ಗಿಟಾರಿನವರು ಬಹಳ ಇಲ್ಲ. ಚೀಟಿ ಬೇಡವೆಂದವರಲ್ಲಿ ಇಬ್ಬರು ಈಗ ತಾವೇ ಬರೆದು ಹಚ್ಚುತ್ತಿದ್ದಾರೆ.

ಸದ್ಯ ಗೋಡೆಯ ಮೇಲಿರುವುದು: "ರೂಪಕ, ಕಾಳಿ ನಾಲ್ಕು, ಎ-ಡಿ-ಇ, ವೇಗ 132, ಕೇಪೋ ಇಲ್ಲ, 14 ದಿನ." ಇಂದು ಆರನೇ ದಿನ. ಮುಂಜಾನೆಯ ಟೇಕ್ 118ರಲ್ಲಿ ಮೂರು ಆವರ್ತನ ಸ್ವಚ್ಛ ಬಂತು, ನಾಲ್ಕನೆಯದರಲ್ಲಿ ಡಿ ಯಿಂದ ಇ ಗೆ ಬರುವಾಗ ಆರನೇ ಮಾತ್ರೆಯ ಬೇಸ್ ತಪ್ಪಿತು. ಸಂಜೆ 110ಕ್ಕೆ ಇಳಿಸಿ, ಆ ಬದಲಾವಣೆಯ ಎರಡು ಮಾತ್ರೆಗಳನ್ನಷ್ಟೇ ಹಿಡಿದು ಕೂರುತ್ತೇನೆ.